ತುಟಿ ಬಿದ್ದ ಶನಿವಾರ

ಬ್ಯಾಂಡಿನಲ್ಲಿ ಊದುವವರ ಬಾಯಲ್ಲಿ ‘ತುಟಿ ಬಿತ್ತು’ ಎಂಬ ಒಂದು ಮಾತಿದೆ. ಬಿಡುವಿಲ್ಲದೆ ಊದಿ ಊದಿ ತುಟಿಯ ಮಾಂಸ ಸೋತು, ಮೇಲಿನ ಸ್ವರ ನಿಲ್ಲದೆ ಜಾರತೊಡಗಿದರೆ ಹಾಗೆನ್ನುತ್ತೇವೆ. ಅದಕ್ಕೆ ಮದ್ದೂ ನಮ್ಮಲ್ಲೇ ಇದೆ. ಐಸ್ ಹಿಡಿಯುವುದು, ತುಪ್ಪ ಸವರುವುದು, ಕೆಳಗಿನ ಸ್ವರಗಳಲ್ಲಿ ಸ್ವಲ್ಪ ಹೊತ್ತು ತಿರುಗಾಡಿ ಬರುವುದು, ಆಮೇಲೆ ಒಂದು ನಿದ್ದೆ. ಬೆಳಗಾಗುವಾಗ ತುಟಿ ಎದ್ದಿರುತ್ತದೆ. ಹಾಗಾಗಿ ಆ ಶುಕ್ರವಾರ ಸಂಜೆ ಕಿನ್ನಿಗೋಳಿ ಹತ್ತಿರದ ಒಂದು ಮನೆಯ ಚಪ್ಪರದಲ್ಲಿ ನಾನು ಟ್ರಂಪೆಟ್ ಇಳಿಸಿ “ತುಟಿ ಬಿತ್ತು” ಎಂದಾಗ ಯಾರೂ ಹೆದರಲಿಲ್ಲ. ನಾನೂ ಹೆದರಲಿಲ್ಲ.

ನಾವು ಐದು ಜನ. ಟ್ರಂಪೆಟ್ ನನ್ನದು, ಬ್ಯಾಂಡೂ ನನ್ನದು. ಹಾಗಾಗಿ ಎಲ್ಲರಿಗೂ ನಾನು ಮಾಸ್ಟ್ರು. ಕ್ಲಾರಿನೆಟ್ ಊದುವವನು ನನ್ನ ಹೆಂಡತಿಯ ತಮ್ಮ; ನಾವಿಬ್ಬರೂ ಒಬ್ಬರನ್ನೊಬ್ಬರು ‘ಭಾವ’ ಎಂದೇ ಕರೆಯುವುದು. ವಾರದ ದಿನಗಳಲ್ಲಿ ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ದುಡಿಯುತ್ತಾನೆ. ಯುಫೋನಿಯಂ ಎಂದರೆ ಮಗುವನ್ನು ಎತ್ತಿಕೊಂಡ ಹಾಗೆ ತಬ್ಬಿ ಊದುವ, ದಪ್ಪ ದನಿಯ ಹಿತ್ತಾಳೆ ವಾದ್ಯ. ಅದನ್ನು ಊದುವವರು ನಮ್ಮೆಲ್ಲರಿಗಿಂತ ಹಿರಿಯರು, ಕ್ರಿಶ್ಚಿಯನ್ನರು. ತುಳುವಿನಲ್ಲಿ ಅಂಥವರನ್ನು ಪೊರ್ಬುಲು ಎನ್ನುವುದು ನಮ್ಮ ಕಡೆಯ ಗೌರವದ ಮಾತು. ವ್ಯಾನ್ ಅವರದ್ದೇ, ಓಡಿಸುವವರೂ ಅವರೇ. ಸೈಡ್ ಡ್ರಮ್ಮಿನವನು ಮಂಗಳೂರಿನ ಜಪ್ಪು ಕಡೆಯವನು, ಬಾಯಿಬಡುಕ. ದೊಡ್ಡ ಡ್ರಮ್ಮಿನವನು ಮಾತೇ ಆಡದವನು. ನಮ್ಮೊಳಗೆ ಮಾತೆಲ್ಲ ತುಳು; ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ.

ಆ ವಾರ ಮೂರು ಕಡೆ ಒಪ್ಪಿಕೊಂಡಿದ್ದೆವು. ಶುಕ್ರವಾರ ಸಂಜೆ ಕಿನ್ನಿಗೋಳಿಯಲ್ಲಿ ರೋಸ್, ಅಂದರೆ ಮದುವೆಗೆ ಮೊದಲು ಹುಡುಗಿಗೆ ತೆಂಗಿನ ಹಾಲು ಹೊಯ್ಯುವ ಶಾಸ್ತ್ರ. ಶನಿವಾರ ಬೆಳಿಗ್ಗೆ ಕುಂದಾಪುರದಾಚೆ ಇನ್ನೊಂದು ಮನೆಯವರ ಮದುವೆ, ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ. ಆದಿತ್ಯವಾರ ನಮ್ಮೂರು ಮಂಗಳೂರಿಗೆ ಮರಳಿ, ಪಂಪ್‌ವೆಲ್ ಹತ್ತಿರದ ಮದುವೆ ಹಾಲಿನಲ್ಲಿ ಮದುಮಗನ ದಿಬ್ಬಣ. ಈಗ ಹಾಲಿನ ಒಳಗೆಲ್ಲ ಡಿ.ಜೆ.ಯವರದ್ದೇ ರಾಜ್ಯ. ನಮಗೆ ಉಳಿದಿರುವುದು ನಡೆಯುವ ದಾರಿ ಮಾತ್ರ. ಇಗರ್ಜಿಯ ಬಾಗಿಲಿನಿಂದ ಹಾಲಿನ ಬಾಗಿಲಿನವರೆಗೆ, ಕಾರಿನಿಂದ ಚಪ್ಪರದವರೆಗೆ. ಆ ದಾರಿಯಲ್ಲಿ ಮೊದಲು ಕೇಳಬೇಕಾದದ್ದು ಟ್ರಂಪೆಟ್.

ರೋಸಿನಲ್ಲಿ ಹೆಂಗಸರು ಸಾಲಾಗಿ ಬಂದು ಹುಡುಗಿಯ ತಲೆಗೆ ಹಾಲು ಹೊಯ್ಯಲು ಶುರು ಮಾಡುವ ಮೊದಲು ನಾವು ಒಂದು ಎತ್ತರದ ತುಂಡು ಊದುತ್ತೇವೆ. ಅದರಲ್ಲಿ ಸ್ವರ ಮೆಟ್ಟಿಲು ಹತ್ತಿದ ಹಾಗೆ ಏರಿ ತುದಿಯಲ್ಲಿ ನಿಲ್ಲಬೇಕು. ನಾನು ಏರಿದೆ. ತುದಿಯಲ್ಲಿ ಗಾಳಿ ಬಲಗಡೆಯ ಬಾಯಿ ಮೂಲೆಯಿಂದ ಸೋರಿಹೋಯಿತು. ಇನ್ನೊಮ್ಮೆ ಹಿಡಿದೆ. ಮತ್ತೆ ಸೋರಿತು.

ಟ್ರಂಪೆಟ್ ಊದುವುದು ತುಟಿಯ ನಡುವಿನಿಂದ ಎಂದು ನೋಡುವವರು ಅಂದುಕೊಳ್ಳುತ್ತಾರೆ. ನಿಜವಾಗಿ ಭಾರ ಹೊರುವುದು ಬಾಯಿಯ ಎರಡು ಮೂಲೆಗಳು. ಮೂಲೆ ಬಿಗಿಯಾಗಿ ನಿಂತರೆ ಮಾತ್ರ ನಡುವೆ ತುಟಿ ಕಂಪಿಸುತ್ತದೆ. ಚಪ್ಪರಕ್ಕೆ ಕಂಬ ಇದ್ದ ಹಾಗೆ.

ಸೈಡ್ ಡ್ರಮ್ಮಿನವನು ಕೋಲು ನಿಲ್ಲಿಸದೆ ಹತ್ತಿರ ಬಂದ. “ಎಂತ ಮಾಸ್ಟ್ರೇ, ಟಯರ್ ಪಂಕ್ಚರಾ?”

“ತುಟಿ ಬಿತ್ತು.”

“ಇಷ್ಟು ಬೇಗವಾ? ಹುಡುಗಿಗೆ ಇನ್ನೂ ಹಾಲೇ ಹಾಕಲಿಲ್ಲ ಮಾರಾಯ್ರೇ!”

ಜ್ಯೂಸ್ ಕೊಡುವಲ್ಲಿಂದ ಐಸ್ ತಂದ. ಅಡುಗೆಯವರ ಹತ್ತಿರ ತುಪ್ಪ ಕೇಳಿ ತಂದ. ಕ್ಲಾರಿನೆಟ್ಟಿನ ಭಾವ ಮುಂದಿನ ಎರಡು ತುಂಡುಗಳಲ್ಲಿ ಮೇಲಿನ ಸ್ವರಗಳನ್ನು ತಾನು ಹಿಡಿದ. ನಾನು ಕೆಳಗೆ ಅವನ ಜೊತೆಗೆ ಊದಿದೆ. ತುಟಿ ಬಿದ್ದಾಗ ಯಾರಾದರೂ ಮಾಡುವುದು ಇದನ್ನೇ. ಒಂದು ಸಂಗತಿ ಮಾತ್ರ ಎಂದಿನಂತಿರಲಿಲ್ಲ. ಸೈಡ್ ಡ್ರಮ್ಮಿನ ಪೆಟ್ಟು ನನ್ನ ಬಲಗಿವಿಗೆ ಮೊಳೆ ಹೊಡೆದ ಹಾಗೆ ಬಡಿಯುತ್ತಿತ್ತು. ಕಿವಿಯ ಹಿಂದೆ ಹಿಂದಿನ ದಿನದಿಂದಲೇ ಸಣ್ಣ ನೋವಿತ್ತು. ವ್ಯಾನಿನ ಕಿಟಕಿ ಪಕ್ಕ ಕೂತು ಗಾಳಿ ಬಡಿದಿದೆ ಎಂದು ನಾನೇ ತೀರ್ಮಾನಿಸಿದ್ದೆ.

“ಸ್ವಲ್ಪ ಮೆಲ್ಲ ಬಾರಿಸು ಮಾರಾಯ,” ಎಂದೆ.

“ನಾನು ಮೆಲ್ಲವೇ ಬಾರಿಸುವುದು. ನಿಮಗೆ ಪ್ರಾಯ ಆಯ್ತು.”

ಎಲ್ಲರೂ ನಕ್ಕರು. ರೋಸ್ ಸುಸೂತ್ರವಾಗಿ ಮುಗಿಯಿತು. ಮನೆಯವರು ಕಟ್ಟಿಕೊಟ್ಟ ಊಟ ಹಿಡಿದುಕೊಂಡು ಕುಂದಾಪುರದ ದಾರಿ ಹಿಡಿದೆವು.

ಇಗರ್ಜಿಯವರು ಹಾಲಿನ ಹಿಂದಿನ ಒಂದು ಕೋಣೆಯನ್ನು ನಮಗೆ ಬಿಟ್ಟುಕೊಟ್ಟಿದ್ದರು. ಶನಿವಾರ ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನೀರು ಬಲಗಡೆಯಿಂದ ತಾನಾಗಿ ಇಳಿದು ಅಂಗಿಯ ಮೇಲೆ ಬಿತ್ತು. ಸ್ನಾನ ಮಾಡುವಾಗ ಬಲಗಣ್ಣಿಗೆ ಸಾಬೂನು ಹೋಯಿತು. ಕಣ್ಣು ಮುಚ್ಚಿದ್ದೇನೆ ಎಂದೇ ನನಗೆ ಅನಿಸಿತ್ತು. ಟವೆಲ್ ಸುತ್ತಿಕೊಂಡು ಹೊರಗೆ ಬಂದೆ.

ಸೈಡ್ ಡ್ರಮ್ಮಿನವನು ಶೂ ಪಾಲಿಶ್ ಹಾಕುತ್ತಿದ್ದ. ತಲೆಯೆತ್ತಿ ನೋಡಿದ. “ಬೆಳಿಗ್ಗೆ ಬೆಳಿಗ್ಗೆ ಯಾರಿಗೆ ಮಾಸ್ಟ್ರೇ ಕಣ್ಣು ಹೊಡೆಯುವುದು? ಇಲ್ಲಿ ನಾನೊಬ್ಬನೇ ಇರುವುದು.”

ನನಗೆ ನಗು ಬಂತು. ನಕ್ಕೆ. ಅವನ ಮುಖ ಇಳಿದುಹೋಯಿತು. ಕೈಯಲ್ಲಿದ್ದ ಬ್ರಶ್ ಕೆಳಗಿಟ್ಟು, “ಪೊರ್ಬುಲೆ, ಒಮ್ಮೆ ಬನ್ನಿ,” ಎಂದು ಕೂಗಿದ. ಆ ಕೂಗಿನಲ್ಲಿ ತಮಾಷೆ ಇರಲಿಲ್ಲ. ಕನ್ನಡಿಯಲ್ಲಿ ನೋಡಿಕೊಂಡೆ. ಮುಖದ ಎಡಭಾಗ ಮಾತ್ರ ನಗುತ್ತಿತ್ತು. ಬಲಭಾಗ ಯಾರದೋ ಸಾವಿನ ಮನೆಯಲ್ಲಿ ಕೂತ ಹಾಗಿತ್ತು.

ಪೊರ್ಬುಲು ಬಂದು ನನ್ನ ಮುಂದೆ ನಿಂತರು. ಅವರ ಅಣ್ಣನಿಗೆ ಪಕ್ಷವಾತ ಬಡಿದದ್ದನ್ನು ಕಂಡವರು ಅವರು. “ಎರಡೂ ಕೈ ಮುಂದೆ ಚಾಚಿ. ಹಾಗೇ ಹಿಡಿಯಿರಿ. ನನ್ನ ಬೆರಳು ಒತ್ತಿ. ಜೋರು. ನಿಮ್ಮ ಹೆಸರು, ಮನೆಯವರ ಹೆಸರು ಹೇಳಿ.”

ಹೇಳಿದೆ. ‘ಪ’ ಮತ್ತು ‘ಬ’ ಸರಿಯಾಗಿ ಬರಲಿಲ್ಲ. ತುಟಿ ಕೂಡಬೇಕಲ್ಲ.

“ಕೈ ಸರಿ ಉಂಟು,” ಎಂದರು. “ಆದ್ರೂ ಈಗಲೇ ಹೋಗುವ. ಕುಂದಾಪುರದಲ್ಲಿ ಆಸ್ಪತ್ರೆ ಉಂಟು.”

“ಮದುವೆ?”

“ಮದುವೆ ಅವರದ್ದು. ಮುಖ ನಿಮ್ಮದು.”

“ಗಾಳಿ ಬಡಿದದ್ದು ಪೊರ್ಬುಲೆ. ಇಗರ್ಜಿಯಿಂದ ಹಾಲಿಗೆ ಎಷ್ಟು ದೂರ? ಅಷ್ಟು ಮುಗಿಸಿ ಹೋಗುವ.”

ಅವರು ವ್ಯಾನಿನ ಕೀಲಿಕೈಯನ್ನು ಕಿಸೆಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ನಿಂತರು.

ನಾನು ಹಟ ಹಿಡಿಯಲು ಕಾರಣವಿತ್ತು. ಅಂದಿನ ಮದುವೆಯ ಹುಡುಗಿಯ ಅಪ್ಪ ಮಂಗಳೂರಿಗೆ ಬಂದಿದ್ದಾಗ ಯಾವುದೋ ಮೆರವಣಿಗೆಯಲ್ಲಿ ನನ್ನ ಟ್ರಂಪೆಟ್ ಕೇಳಿ, ವಿಚಾರಿಸಿ, ಮನೆಯವರೆಗೆ ಹುಡುಕಿಕೊಂಡು ಬಂದವರು. “ಬ್ಯಾಂಡ್ ನಮ್ಮ ಕಡೆಯೂ ಉಂಟು. ನನಗೆ ಆ ಟ್ರಂಪೆಟ್ ಬೇಕು,” ಎಂದಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಅಪ್ಪನ ದೋಣಿಗೂ ಹೋಗದೆ, ಕಿವಿಯಲ್ಲಿ ಕೇಳಿದ್ದನ್ನೇ ಬಾಯಲ್ಲಿ ಕಲಿತವನು ನಾನು. ಆ ಮಾತನ್ನು ನಾನು ಬಹಳ ದಿನ ಎದೆಯಲ್ಲಿಟ್ಟುಕೊಂಡು ಓಡಾಡಿದ್ದೆ.

ಹಾಲಿನ ಹಿಂದಿನ ಗೋಡೆಯ ಬಳಿ ನಿಂತು ಊದಿ ನೋಡಿದೆ. ಮೌತ್‌ಪೀಸನ್ನು ಎಡಕ್ಕೆ ಸರಿಸಿದರೆ ಕೆಳಗಿನ ಸ್ವರಗಳು ಬರುತ್ತಿದ್ದವು. ನಡುವಿನವು ಜೋರಾಗಿ ಒತ್ತಿದರೆ ಬರುತ್ತಿದ್ದವು, ಆದರೆ ಒತ್ತಿದಷ್ಟೂ ಹಲ್ಲಿಗೆ ತಾಗಿ ಒಳತುಟಿ ಹರಿಯುತ್ತಿತ್ತು. ಮೇಲಿನವು ಇಲ್ಲವೇ ಇಲ್ಲ. ಎಡಗೈಯಿಂದ ಬಲಗೆನ್ನೆಯನ್ನು ಎತ್ತಿ ಹಿಡಿದು, ಬಲಗೈ ಒಂದರಲ್ಲೇ ಟ್ರಂಪೆಟ್ ಹಿಡಿದು ನೋಡಿದೆ. ಸ್ವರ ಬಂತು. ಆದರೆ ಹಲ್ಲುನೋವಿನವನ ಹಾಗೆ ಕೆನ್ನೆ ಹಿಡಿದುಕೊಂಡು ಮೆರವಣಿಗೆಯ ಮುಂದೆ ನಡೆಯುವುದು ಹೇಗೆ? ವ್ಯಾನಿನ ಔಷಧಿ ಡಬ್ಬಿಯಲ್ಲಿ ಗಾಯಕ್ಕೆ ಅಂಟಿಸುವ ಬಿಳಿ ಪಟ್ಟಿ ಇತ್ತು. ಬಾಯಿ ಮೂಲೆಯಿಂದ ಕಿವಿಯವರೆಗೆ ಎಳೆದು ಅಂಟಿಸಿದೆ. ನಾಲ್ಕು ಸ್ವರ ಚೆನ್ನಾಗಿ ಬಂದವು.

ಭಾವ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ ಹೇಳಿದ. “ಭಾವ, ನೀವು ಸುಮ್ಮನೆ ಹಿಡಿದುಕೊಳ್ಳಿ. ನಾನು ಊದ್ತೇನೆ.”

“ಡಮ್ಮಿ ಆಗ್ಲಿಕ್ಕೆ ಹೇಳ್ತೀಯಾ ನನಗೆ?”

“ಒಂದು ದಿನಕ್ಕೆ, ಅಷ್ಟೇ.”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮದುವೆ ಮನೆಯವರು ಸಮವಸ್ತ್ರದ ತಲೆ ಎಣಿಸುತ್ತಾರೆ. ಊದುವವರು ಕಡಿಮೆ ಇದ್ದಾಗ ಕೆಲವು ಬ್ಯಾಂಡಿನವರು ಯಾರಿಗಾದರೂ ಕೋಟು ತೊಡಿಸಿ, ಕೈಗೊಂದು ವಾದ್ಯ ಕೊಟ್ಟು ಸಾಲಿನಲ್ಲಿ ನಿಲ್ಲಿಸುತ್ತಾರೆ. ಆತ ಕೆನ್ನೆ ಉಬ್ಬಿಸುತ್ತಾನೆ, ಬೆರಳು ಆಡಿಸುತ್ತಾನೆ, ಊದುವುದಿಲ್ಲ. ಅವನೇ ಡಮ್ಮಿ. ಐದೇ ಜನ ಹೋದರೂ ಐದು ಜನವೂ ಕೆಲಸದವರು ಎಂಬುದು ನನ್ನ ಬ್ಯಾಂಡಿನ ಹೆಮ್ಮೆಯಾಗಿತ್ತು. ಡಮ್ಮಿ ಕೇಳಿದ ಪಾರ್ಟಿಗಳನ್ನು ನಾನು ಬಿಟ್ಟದ್ದೂ ಉಂಟು. ನಾನು ಟೊಪ್ಪಿ ಹಾಕಿಕೊಂಡೆ.

ಗಂಟೆ ಬಾರಿಸಿತು. ಇಗರ್ಜಿಯ ಬಾಗಿಲಲ್ಲಿ ಮದುಮಕ್ಕಳು ಕಾಣಿಸಿಕೊಂಡರು. ಮೊದಲ ಸಾಲು ಬಂತು, ತಪ್ಪಿಲ್ಲದೆ ಬಂತು. ಹುಡುಗಿಯ ಅಪ್ಪ ನನ್ನ ಕಡೆ ನೋಡಿ ತಲೆಯಾಡಿಸಿದರು. ಎರಡನೇ ಸಾಲಿಗೆ ಬಿಸಿಲು ನೆತ್ತಿಗೆ ತಾಗಿತ್ತು. ನಮ್ಮದು ದಪ್ಪ ಬಟ್ಟೆಯ ಕೆಂಪು ಕೋಟು, ಕುತ್ತಿಗೆಯವರೆಗೆ ಗುಂಡಿ. ಬೆವರು ಕೆನ್ನೆಯ ಮೇಲೆ ಇಳಿದು ಪಟ್ಟಿ ಒಂದು ತುದಿಯಿಂದ ಬಿಡತೊಡಗಿತು. ಸ್ವರ ಏರಬೇಕಾದಲ್ಲಿ ಪಟ್ಟಿ ಪೂರಾ ಕಿತ್ತು ಬಂದು ಗಾಳಿ ‘ಪುಸ್’ ಎಂದು ಹೊರಗೆ ಹೋಯಿತು.

ಮಕ್ಕಳು ನಕ್ಕರು. ಮಕ್ಕಳು ನಗುವುದೇ, ತಪ್ಪಿಲ್ಲ. ವಿಡಿಯೋದವನು ಹಿಂದಕ್ಕೆ ಹೆಜ್ಜೆ ಇಡುತ್ತಾ ಕ್ಯಾಮೆರಾವನ್ನು ನನ್ನ ಮುಖದ ಹತ್ತಿರ ತಂದ. ಜೋತುಬಿದ್ದ ಪಟ್ಟಿ, ನೀರು ಸುರಿಯುವ ಕಣ್ಣು, ಎಡಕ್ಕೆ ಎಳೆದ ಬಾಯಿ ಎಲ್ಲವೂ ಆ ಮನೆಯವರ ಮದುವೆಯ ವಿಡಿಯೋದಲ್ಲಿ ಈಗಲೂ ಇರಬೇಕು.

ಹುಡುಗಿಯ ಕಡೆಯ ಒಬ್ಬ ಮಾವ, ಸೂಟು ಹಾಕಿದ ದೊಡ್ಡ ಮನುಷ್ಯ, ಪಕ್ಕದವರಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. “ಬೆಳಿಗ್ಗೆಯೇ ಹಾಕಿದ್ದಾನೆ ಕಾಣ್ತದೆ. ಈ ಬ್ಯಾಂಡಿನವರದ್ದು ಎಲ್ಲ ಕಡೆ ಇದೇ ಕಥೆ.”

ಸೈಡ್ ಡ್ರಮ್ಮಿನವನು ಕೋಲು ಆಡಿಸುತ್ತಲೇ ಅವರ ಕಡೆ ತಿರುಗಿದ. “ಅವರು ಕುಡಿಯುವುದಿಲ್ಲ ಸಾರ್. ಕುಡಿಯುವವನು ನಾನು.”

ಅಷ್ಟರಲ್ಲಿ ಭಾವ ತುಂಡನ್ನು ಹಿಡಿದಿದ್ದ. ನಾನು ಬಿಟ್ಟ ಸ್ವರದಿಂದಲೇ, ಎಳೆ ಕಡಿಯದ ಹಾಗೆ. ನನ್ನ ಕೈಗಳು ಟ್ರಂಪೆಟ್ ಇಳಿಸಲಿಲ್ಲ. ಮೆರವಣಿಗೆಯ ನಡುವೆ ವಾದ್ಯ ಇಳಿಸಬಾರದು ಎಂದು ನಾನೇ ಅವರಿಗೆಲ್ಲ ಕಲಿಸಿದವನು. ಮೌತ್‌ಪೀಸನ್ನು ತುಟಿಗೆ ತಾಗಿಸಿ ಹಿಡಿದೆ. ಬೆರಳು ಆಡಿಸಿದೆ. ಊದಲಿಲ್ಲ. ಕೆನ್ನೆ ಉಬ್ಬಿಸಲು ನೋಡಿದರೆ ಅದೂ ಒಂದೇ ಕಡೆ ಉಬ್ಬಿತು. ಬೆರಳು ಮಾತ್ರ ಒಂದು ಸ್ವರವನ್ನೂ ತಪ್ಪಿಸಲಿಲ್ಲ; ಯಾರಿಗೂ ಕೇಳದ ತುಂಡನ್ನು ಪೂರ್ತಿ ಬಾರಿಸಿತು.

ಆದರೆ ಕ್ಲಾರಿನೆಟ್ ಮರದ ದನಿ, ಬಯಲಿನಲ್ಲಿ ಅದು ದೂರ ಹೋಗುವುದಿಲ್ಲ. ಹಿಂದೆ ಎರಡು ಡ್ರಮ್ ಸೇರಿ ಅದನ್ನು ತುಳಿದುಹಾಕುತ್ತಿದ್ದವು. ಟ್ರಂಪೆಟ್ ಇರುವಾಗ ಡ್ರಮ್ ಎಷ್ಟು ಜೋರಾದರೂ ನಡೆಯುತ್ತದೆ. ನಮ್ಮ ಅಭ್ಯಾಸವೆಲ್ಲ ಹಾಗೆ. ನಾನು ಕಣ್ಣಲ್ಲೇ ಡ್ರಮ್ಮಿನವರಿಗೆ ಹಿಂದೆ ಸರಿಯಿರಿ ಎಂದೆ. ಬಲಗಣ್ಣು ಮುಚ್ಚದ್ದರಿಂದ ಸೈಡ್ ಡ್ರಮ್ಮಿನವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಹಾಲಿನ ಗೇಟಿನ ಹತ್ತಿರ ಅದೇ ಮಾವ ಬಂದು ನನ್ನ ಭುಜ ತಟ್ಟಿದರು. “ಈಗ ಬಂತು ನೋಡಿ ಲೈನಿಗೆ! ಸುರುವಿಗೆ ಎಂತ ಆಗಿತ್ತು ನಿಮಗೆ?”

ಕುಡಿದಿದ್ದಾನೆ ಎಂದಾಗ ನನಗೆ ಸಿಟ್ಟು ಬಂದಿತ್ತು. ಸಿಟ್ಟು ನುಂಗಬಹುದು. ಈ ಭುಜ ತಟ್ಟಿದ್ದನ್ನು ನುಂಗಲಾಗಲಿಲ್ಲ. ಭಾವ ಬೆವರಿಳಿಸಿ ಊದಿದ್ದಕ್ಕೆ ಹೊಗಳಿಕೆ ನನಗೆ. ಅವನು ನನ್ನ ಪಕ್ಕದಲ್ಲೇ ನಿಂತು ಕ್ಲಾರಿನೆಟ್ಟಿನ ಬಾಯಿಯ ರೀಡಿನ ಎಂಜಲು ಒರೆಸುತ್ತಿದ್ದ. ತಲೆ ಎತ್ತಲಿಲ್ಲ.

ಮದುಮಕ್ಕಳು ಫೋಟೋಕ್ಕೆ ನಿಂತಿದ್ದರು. ಹಾಲಿನ ಒಳಗೆ ಅವರನ್ನು ಕರೆದುಕೊಂಡು ಹೋಗುವ ತುಂಡು ಒಂದು ಬಾಕಿ ಇತ್ತು. ಭಾವನನ್ನು ಕರೆದುಕೊಂಡು ನಾನು ನೇರ ಹುಡುಗಿಯ ಅಪ್ಪನ ಹತ್ತಿರ ಹೋದೆ. ಹೇಳದೆ ಮುಂದೆ ನಡೆಯುವುದು ನನ್ನಿಂದಾಗದು ಎಂದು ಆಗ ಗಟ್ಟಿಯಾಗಿತ್ತು.

“ಸಾರ್, ನನ್ನ ಬಾಯಿ ನಿಲ್ಲುವುದಿಲ್ಲ. ಮುಖ ಒಂದು ಕಡೆ ಬಿದ್ದಿದೆ. ದಾರಿಯಲ್ಲಿ ನೀವು ಕೇಳಿದ್ದು ನನ್ನ ಟ್ರಂಪೆಟ್ ಅಲ್ಲ, ಇವನ ಕ್ಲಾರಿನೆಟ್. ಒಳಗೂ ಇವನೇ ಊದುವುದು. ನಿಮಗೆ ಬೇಡ ಅಂದ್ರೆ ಈಗಲೇ ಹೇಳಿ.”

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಹಿಂದಿನಿಂದ ಯಾರೋ ಅವರನ್ನು ಕರೆಯುತ್ತಿದ್ದರು, ಕೇಕಿನವರೋ ಮದುವೆ ಹಾಲಿನವರೋ. “ಅಯ್ಯೋ, ಅದೆಲ್ಲ ಈಗ ಎಂತಕ್ಕೆ ಮಾಸ್ಟ್ರೇ?” ಎಂದರು. “ಶಬ್ದ ಉಂಟಲ್ಲ, ಸಾಕು. ಒಳಗೆ ಹೋದ ಮೇಲೆ ಡಿ.ಜೆ. ಉಂಟು. ನೀವು ಎಲ್ಲಿಗಾದ್ರೂ ತೋರಿಸಿ ಆಯ್ತಾ.” ನನ್ನ ಕೈ ಹಿಡಿದು ಒತ್ತಿ, ಕರೆದವರ ಕಡೆ ಹೋದರು.

ಒಳ್ಳೆಯ ಮನುಷ್ಯ. ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ. ಅವರು ಹೇಳಿದ್ದರಲ್ಲಿ ಕೆಟ್ಟದ್ದೇನೂ ಇಲ್ಲ ಎಂದು ನನಗೆ ಈಗಲೂ ಗೊತ್ತು.

ವ್ಯಾನಿನ ಬಾಗಿಲಲ್ಲಿ ಕೂತು ಟ್ರಂಪೆಟ್ಟಿನ ಒಳಗೆ ಸೇರಿದ್ದ ಉಸಿರಿನ ನೀರು ಇಳಿಸಿದೆ. ಮೌತ್‌ಪೀಸ್ ತೆಗೆದೆ, ರಕ್ತ ಒರೆಸಿದೆ, ಪೆಟ್ಟಿಗೆಯಲ್ಲಿಟ್ಟು ಕೊಕ್ಕೆ ಹಾಕಿದೆ. ಆಮೇಲೆ ಎಲ್ಲರನ್ನೂ ಹತ್ತಿರ ಕರೆದೆ. ಮಾತು ಸೋರುತ್ತಿತ್ತು, ನಿಧಾನ ಹೇಳಬೇಕಾಯಿತು.

“ನೀನು ಮುಂದೆ ನಿಲ್ಲು,” ಎಂದೆ ಭಾವನಿಗೆ. “ಪೊರ್ಬುಲೆ, ನೀವು ತಾಳಕ್ಕೆ ಊದುವುದು ಬಿಟ್ಟು ಇವನ ಜೊತೆಗೆ ರಾಗವನ್ನೇ ಕೆಳಗಿನಿಂದ ಊದಿ. ಅವನಿಗೆ ಗೋಡೆ ಇದ್ದ ಹಾಗೆ ಆಗ್ತದೆ. ಸೈಡ್ ಡ್ರಮ್ಮಿನ ತಂತಿ ಸಡಿಲು ಮಾಡು. ಭಾವ, ನೀನು ಎರಡನೇ ಸಾಲಿನ ಕೊನೆಗೆ ಉಸಿರು ತೆಗೆಯಬೇಡ, ಅಲ್ಲಿ ನಾನು ತೆಗೆಯುತ್ತಿದ್ದದ್ದು. ನಿನ್ನ ಉಸಿರು ಬೇರೆ. ಪೊರ್ಬುಲು ನಿಲ್ಲಿಸುವಲ್ಲಿ ತಗೋ.”

“ನೀವು?” ಎಂದ ಭಾವ.

“ನಾನು ಬಸ್ಸಿನಲ್ಲಿ ಮಂಗಳೂರಿಗೆ ಹೋಗ್ತೇನೆ. ಅಲ್ಲಿಯೇ ಆಸ್ಪತ್ರೆಗೆ ತೋರಿಸ್ತೇನೆ.”

“ಒಬ್ಬರನ್ನೇ ಬಿಡುವುದಾ?” ಎಂದರು ಪೊರ್ಬುಲು.

ಆಗ ದೊಡ್ಡ ಡ್ರಮ್ಮಿನವನು ಹೆಗಲ ಪಟ್ಟಿ ಬಿಚ್ಚಿ ಡ್ರಮ್ಮನ್ನು ಕೆಳಗಿಟ್ಟ. ಆ ಎರಡು ದಿನಗಳಲ್ಲಿ ಅವನು ಆಡಿದ ಮೊದಲ ಮಾತು ಅದಾಗಿರಬೇಕು. “ನಾನು ಬರ್ತೇನೆ. ಇದು ಇಲ್ಲದಿದ್ರೆ ಕ್ಲಾರಿನೆಟ್ ಇನ್ನೂ ಚೆಂದ ಕೇಳ್ತದೆ.”

ಸೈಡ್ ಡ್ರಮ್ಮಿನವನು ಅವನನ್ನು ಮೇಲಿಂದ ಕೆಳಗೆ ನೋಡಿದ. “ಇವನಿಗೆ ಬಾಯಿ ಉಂಟು ಮಾರಾಯ್ರೇ!”

ಬಸ್ಸಿನಲ್ಲಿ ನಾವಿಬ್ಬರೂ ಕೆಂಪು ಕೋಟಿನಲ್ಲೇ ಕೂತಿದ್ದೆವು. ಬದಲಾಯಿಸುವ ಯೋಚನೆ ಇಬ್ಬರಿಗೂ ಬಂದಿರಲಿಲ್ಲ. ಎದುರಿನ ಸೀಟಿನ ಹೆಂಗಸು, “ಎಲ್ಲಿ ಕಾರ್ಯಕ್ರಮ?” ಎಂದು ಕೇಳಿದರು. ದೊಡ್ಡ ಡ್ರಮ್ಮಿನವನು, “ಮುಗೀತು,” ಎಂದ.

ಮಂಗಳೂರಿನಲ್ಲಿ ಇಳಿದು ರಿಕ್ಷಾದಲ್ಲಿ ಫಳ್ನೀರಿನ ಒಂದು ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಸಣ್ಣ ಪ್ರಾಯದವರು. ಹುಬ್ಬು ಮೇಲೆ ಮಾಡಿ ಎಂದರು. ಎಡ ಹುಬ್ಬು ಎದ್ದಿತು, ಬಲ ಹುಬ್ಬು ಅಲ್ಲೇ ಇತ್ತು.

“ಇದು ಒಳ್ಳೆಯದೇ,” ಎಂದರು.

“ಇದರಲ್ಲಿ ಎಂತ ಒಳ್ಳೆಯದು ಡಾಕ್ಟ್ರೇ?”

“ಹಣೆಯೂ ಏಳುವುದಿಲ್ಲ ಅಂದ್ರೆ ತೊಂದರೆ ಮೆದುಳಿನದ್ದಲ್ಲ, ಮುಖದ ನರದ್ದು. ಪಕ್ಷವಾತ ಅಲ್ಲ. ಕಿವಿಯ ಹಿಂದಿನಿಂದ ಬರುವ ನರ ಬೀಗಿ ಒತ್ತಿಕೊಂಡಿದೆ. ಕಿವಿಗೆ ಶಬ್ದ ಜೋರು ಕೇಳ್ತದಾ?”

ತಲೆಯಾಡಿಸಿದೆ. ಗಾಳಿಯಿಂದಲೇ ಎಂದು ಕೇಳಿದೆ. ಯಾಕೆ ಬರುತ್ತದೆ ಎಂದು ಸರಿಯಾಗಿ ಗೊತ್ತಿಲ್ಲ, ವೈರಸ್ ಇರಬಹುದು ಎಂದರು.

“ಸೀಟಿ ಹೊಡೀರಿ.”

ಗಾಳಿ ಹೋಯಿತು, ಸೀಟಿ ಬರಲಿಲ್ಲ. ಬರೆಯುತ್ತಾ ಬರೆಯುತ್ತಾ ಅವರು ನನ್ನ ಕೋಟಿನ ಚಿನ್ನದ ದಾರ ನೋಡಿದರು. “ಬ್ಯಾಂಡಾ? ನೀವು ಎಂತ ಬಾರಿಸುವುದು?”

“ಟ್ರಂಪೆಟ್.”

ಪೆನ್ನು ಕೆಳಗಿಟ್ಟರು. “ನಿನ್ನೆಯೇ ಶುರುವಾಗಿ ಇವತ್ತೇ ಬಂದದ್ದು ಒಳ್ಳೆಯದಾಯ್ತು. ಈಗಲೇ ಮಾತ್ರೆ ಶುರು ಮಾಡುವ. ಹೆಚ್ಚಿನವರಿಗೆ ವಾಪಸ್ ಬರ್ತದೆ. ತಿನ್ನಲಿಕ್ಕೆ, ಮಾತಾಡಲಿಕ್ಕೆ ಬೇಕಾದಷ್ಟು ಬಂದೇ ಬರ್ತದೆ. ಟ್ರಂಪೆಟ್‌ಗೆ ಬೇಕಾದಷ್ಟು ಬರ್ತದಾ ಅಂತ ನನಗೆ ಹೇಳ್ಲಿಕ್ಕೆ ಆಗುವುದಿಲ್ಲ. ನಾನು ಹೇಳುವವರೆಗೆ ಊದಬೇಡಿ. ಒತ್ತಾಯ ಮಾಡಿದ್ರೆ ಒಂದೇ ಕಡೆ ಎಳೆದು ಮುಖ ವಕ್ರವನ್ನೇ ಕಲಿತುಬಿಡ್ತದೆ.”

ಸುಳ್ಳು ಧೈರ್ಯ ಹೇಳದಿದ್ದಕ್ಕೆ ನನಗೆ ಅವರ ಮೇಲೆ ಗೌರವ ಬಂತು. ಸುಳ್ಳಾದರೂ ಹೇಳಬಹುದಿತ್ತು ಎಂದು ಮೆಟ್ಟಿಲು ಇಳಿಯುವಾಗ ಅನಿಸಿತು.

ಮನೆಯಲ್ಲಿ ಹೆಂಡತಿ ಗಂಜಿ ಕೊಟ್ಟಳು. ತಿನ್ನುವಾಗ ಬಲಗಡೆಯಿಂದ ಇಳಿಯುತ್ತಿತ್ತು. ಅವಳು ಒಂದು ಟವೆಲ್ ತಂದು ನನ್ನ ಪಕ್ಕದಲ್ಲಿಟ್ಟಳು. ಮಲಗುವ ಮೊದಲು ಬಲಗಣ್ಣಿಗೆ ಮುಲಾಮು ಹಾಕಿ, ರೆಪ್ಪೆಯನ್ನು ಬೆರಳಿನಿಂದ ಇಳಿಸಿ ಪಟ್ಟಿ ಅಂಟಿಸಿದಳು. ಸತ್ತವರ ಕಣ್ಣು ಮುಚ್ಚುವುದೂ ಹೀಗೆಯೇ ಎಂದು ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು. ಅವಳು ಬೇಗ ಎದ್ದು ಹೋದಳು.

ಆದಿತ್ಯವಾರ ಬರಬೇಡಿ ಎಂದು ಭಾವ ಫೋನಿನಲ್ಲಿ ಹೇಳಿದ್ದ. ಹೋದೆ. ಸಾದಾ ಅಂಗಿ ಹಾಕಿಕೊಂಡು, ಪಂಪ್‌ವೆಲ್ ಮೇಲ್ಸೇತುವೆಯ ಕಂಬದ ಮರೆಯಲ್ಲಿ, ರಸ್ತೆಯ ಈಚೆ ನಿಂತೆ. ಹಾಲಿನ ಗೇಟು ಆಚೆ ಬದಿಯಲ್ಲಿತ್ತು. ಬಸ್ಸುಗಳ ಹಾರ್ನಿನ ನಡುವೆ ಮೊದಲು ಡ್ರಮ್ ಮಾತ್ರ ಕೇಳುತ್ತಿತ್ತು. ಮದುಮಗನ ಕಾರು ಬಂದು ನಿಂತಿತು. ಭಾವ ಮುಂದೆ ನಿಂತಿದ್ದ. ಕ್ಲಾರಿನೆಟ್ ಮುಳುಗಿಹೋಗುತ್ತದೆ, ಈ ರಸ್ತೆಯಲ್ಲಿ ಟ್ರಂಪೆಟ್ಟಿಗೇ ಕಷ್ಟ ಎಂದುಕೊಂಡು ನಾನು ಹಲ್ಲು ಕಚ್ಚಿ ನಿಂತಿದ್ದೆ.

ಎರಡನೇ ಸಾಲು ಮುಗಿಯುವಾಗ ಅವನು ಹಿಂದೆ ತಿರುಗಿ ಕೈಯೆತ್ತಿದ. ಎರಡೂ ಡ್ರಮ್ ನಿಂತುಬಿಟ್ಟವು. ಮೆರವಣಿಗೆಯ ನಡುವೆ ಡ್ರಮ್ ನಿಲ್ಲಿಸುವ ಬ್ಯಾಂಡನ್ನು ನಾನು ಕಂಡಿರಲಿಲ್ಲ. ಟ್ರಂಪೆಟ್ ಇರುವಾಗ ಅದರ ಅಗತ್ಯವೇ ಬೀಳುವುದಿಲ್ಲ. ಬರೀ ಕ್ಲಾರಿನೆಟ್, ಅದರ ಕೆಳಗೆ ಪೊರ್ಬುಲು ಅವರ ಯುಫೋನಿಯಂನ ದಪ್ಪ ದನಿ. ನಡೆಯುತ್ತಿದ್ದ ಜನ ತಾವಾಗಿಯೇ ನಿಂತರು. ಕಾರಿನಿಂದ ಇಳಿದ ಮುದುಕಿಯೊಬ್ಬಳು ಸೆರಗು ಸರಿಮಾಡುವುದನ್ನು ಬಿಟ್ಟು ಕೇಳಿದಳು. ಸಾಲು ಮುಗಿದದ್ದೇ ಡ್ರಮ್ ಮತ್ತೆ ಹಿಡಿಯಿತು, ಜನ ನಡೆದರು.

ಚೆನ್ನಾಗಿತ್ತು. ನಾನಿದ್ದಿದ್ದರೆ ಹಾಗೆ ಮಾಡಲು ಬಿಡುತ್ತಿರಲಿಲ್ಲ. ಕಂಬಕ್ಕೆ ಕೈಕೊಟ್ಟು ನಿಂತಲ್ಲೇ ನನ್ನ ತುಟಿಯ ಎಡ ಅರ್ಧ ತನ್ನಷ್ಟಕ್ಕೆ ಬಿಗಿದು ಆ ತುಂಡನ್ನು ಊದುತ್ತಿತ್ತು. ಬಲ ಅರ್ಧ ಸುಮ್ಮನಿತ್ತು. ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದವನು ನನ್ನ ಮುಖ ನೋಡಿ ಸ್ವಲ್ಪ ದೂರ ಸರಿದು ನಿಂತ.

ಇದೆಲ್ಲ ಆಗಿ ಒಂದು ಮಳೆಗಾಲ ಕಳೆದಿದೆ. ಕಣ್ಣು ಮುಚ್ಚುತ್ತದೆ. ಚಹಾ ಸೋರುವುದಿಲ್ಲ. ಗೊತ್ತಿಲ್ಲದವರಿಗೆ ನನ್ನ ಮುಖದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಡಾಕ್ಟರಮ್ಮ ಇನ್ನು ಊದಬಹುದು ಎಂದ ಮೇಲೆ ದಿನವೂ ಕನ್ನಡಿಯ ಮುಂದೆ ಕೂರುತ್ತೇನೆ. ಕೆಳಗಿನ ಸ್ವರಗಳು ಇವೆ, ನಡುವಿನವು ಸ್ವಲ್ಪ ಹೊತ್ತು ನಿಲ್ಲುತ್ತವೆ. ಅದರ ಮೇಲೆ ಹೋದರೆ ಬಲಗಡೆಯ ಮೂಲೆ ನಡುಗಿ ಬಿಟ್ಟುಕೊಡುತ್ತದೆ. ಇನ್ನೂ ಬರಬಹುದು, ಬರದೆಯೂ ಇರಬಹುದು ಎಂದು ಅವರು ಈಗಲೂ ಹೇಳುತ್ತಾರೆ. ಬ್ಯಾಂಡಿನ ಜೊತೆ ಹೋಗುತ್ತೇನೆ. ಕೊನೆಯ ಸಾಲಿನಲ್ಲಿ ದೊಡ್ಡ ಡ್ರಮ್ಮಿನ ಪಕ್ಕ ಹಿತ್ತಾಳೆಯ ತಾಳ ಹೊಡೆಯುತ್ತೇನೆ. ಹೊಡೆಯುವುದು ನಿಜವಾದ ತಾಳ, ಸುಮ್ಮನೆ ನಿಂತದ್ದಲ್ಲ.

ಫೋನ್ ಮಾತ್ರ ಇನ್ನೂ ನನಗೇ ಬರುತ್ತದೆ. ಮೊನ್ನೆ ಒಬ್ಬರು ದಿನ, ಜಾಗ ಎಲ್ಲ ಹೇಳಿ ಕೊನೆಗೆ ಕೇಳಿದರು. “ಟ್ರಂಪೆಟ್ ಉಂಟಲ್ಲ?”

“ಟ್ರಂಪೆಟ್ ಇಲ್ಲ,” ಎಂದೆ. “ಬ್ಯಾಂಡ್ ಉಂಟು.”

ಆ ಕಡೆಯವರು ಮನೆಯಲ್ಲಿ ಕೇಳಿ ಹೇಳ್ತೇನೆ ಎಂದು ಇಟ್ಟರು. ಹಾಗೆ ಹೇಳಿದವರಲ್ಲಿ ಕೆಲವರು ತಿರುಗಿ ಮಾಡುತ್ತಾರೆ.